ಮೊದಲು ಸೈಲೆನ್ಸರಿನ ಬಾಯಿ ಬಿಡಿಸಿ

ಜನವರಿಯಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಬಾಸ್ಟನ್ನಿಗೆ ಬರುತ್ತಿರುವುದಾಗಿ ತಿಳಿಸಿ, ಇಲ್ಲಿನ ಹಿಮಕ್ಕೆ ಹೇಗೆ ಸಿದ್ಧರಾಗಬೇಕು, ಬಂದ ಕೂಡಲೇ ಕಾರು ಕೊಳ್ಳಬೇಕೇ ಎಂದು ಕೇಳಿದ್ದೀರಿ. ತಾವು ತೀರ್ಥಹಳ್ಳಿ ಕಡೆಯವರೆಂದು ಓದಿ ಸಂತೋಷವಾಯಿತು. ಮಳೆ ಹಿಡಿಯುವ ಮೊದಲೇ ಸೋಗೆ ತಟ್ಟಿ ಕಟ್ಟಿ, ಸೌದೆ ಒಟ್ಟಿ, ಹಪ್ಪಳ ಸಂಡಿಗೆಯ ಡಬ್ಬಿ ತುಂಬಿಸಿಡುವ ಮನೆಯಲ್ಲಿ ಬೆಳೆದವರಿಗೆ ದಿನಸಿ, ಔಷಧಿಗಳ ವಿಷಯವನ್ನು ನಾನು ವಿವರಿಸಬೇಕಾಗಿಲ್ಲ. ದಪ್ಪ ಕೋಟು, ಬೂಟುಗಳನ್ನು ಇಲ್ಲಿಗೆ ಬಂದ ಮೇಲೆಯೇ ಕೊಳ್ಳಿ.

ಕಾರಿಗೆ ಒಂದು ಚಳಿಗಾಲ ಕಾಯುವುದು ಮೇಲು. ನಗರಾಡಳಿತವು ಸ್ನೋ ಎಮರ್ಜೆನ್ಸಿ, ಅಂದರೆ ಹಿಮದ ತುರ್ತುಸ್ಥಿತಿ, ಸಾರಿದಾಗ ಮುಖ್ಯರಸ್ತೆಗಳಲ್ಲಿ ನಿಂತ ಕಾರುಗಳನ್ನು ಎಳೆದುಕೊಂಡು ಹೋಗುತ್ತಾರೆ. ರೈಲು ಸಾಮಾನ್ಯವಾಗಿ ಓಡುತ್ತದೆ. 2015ರ ಚಳಿಗಾಲದಲ್ಲಿ ಫೆಬ್ರವರಿ 10ರಂತಹ ಕೆಲವು ದಿನ ಅದೂ ನಿಂತಿತ್ತು. ಆ ಚಳಿಗಾಲದಲ್ಲಿ ಒಟ್ಟು 110.6 ಇಂಚು, ಅಂದರೆ ಒಂಬತ್ತು ಅಡಿಗೂ ಹೆಚ್ಚು ಹಿಮ ಬಿದ್ದಿತು. ಲಾರಿಗಳಲ್ಲಿ ತಂದು ಸುರಿದ ರಾಶಿಯ ಕೊನೆಯ ತುಣುಕು ಕರಗಿದ್ದು ಜುಲೈ 14ರಂದು.

ಆದರೂ ಕಾರು ಕೊಳ್ಳುವುದೇ ಆದರೆ, ಈ ಒಂದು ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಿ. ನಾವು ಬಂದದ್ದು 2004ರ ಡಿಸೆಂಬರಿನಲ್ಲಿ. ಮರುತಿಂಗಳ 22 ಮತ್ತು 23ರ ಬಿರುಗಾಳಿಯಲ್ಲಿ 22.5 ಇಂಚು ಹಿಮ ಬಿತ್ತು. ಸೋಮವಾರ ಬೆಳಿಗ್ಗೆ ಕಾರು ಇದ್ದ ಕಡೆ ಒಂದು ಬಿಳಿಯ ದಿಬ್ಬವಿತ್ತು. ಬಾಗಿಲಿನ ಬಳಿ ಮಾತ್ರ ಹಿಮ ಸರಿಸಿ, ಎಂಜಿನ್ ಹಾಕಿ, ಬೆಚ್ಚಗಿರಲಿ ಎಂದು ಹೆಂಡತಿಯನ್ನೂ ಮೂರು ವರ್ಷದ ಮಗನನ್ನೂ ಒಳಗೆ ಕೂರಿಸಿ, ನಾನು ಮುಂದಿನಿಂದ ಸಲಿಕೆಯಲ್ಲಿ ತೆಗೆಯತೊಡಗಿದೆ. ಎದುರು ಮನೆಯ ವೃದ್ಧರು ಕೋಟನ್ನೂ ಹಾಕಿಕೊಳ್ಳದೆ ಮೊಣಕಾಲುದ್ದದ ಹಿಮದಲ್ಲಿ ಕೂಗುತ್ತಾ ಬಂದವರೇ ಬಾಗಿಲು ತೆರೆದು, ಎಂಜಿನ್ ಆರಿಸಿ, ಮಗುವನ್ನು ಎತ್ತಿ ಹೊರಗಿಟ್ಟರು; ಬಳಿಕ ಕಾರಿನ ಹಿಂದೆ ಮಂಡಿಯೂರಿ ಕುಳಿತು ಸೈಲೆನ್ಸರಿನ ಬಾಯಿಗೆ ಮೆತ್ತಿದ್ದ ಹಿಮವನ್ನು ಬರಿಗೈಯಲ್ಲಿ ಬಗೆದರು. ಅವರ ಮಾತಿನಲ್ಲಿ ನನಗೆ ತಿಳಿದದ್ದು “ಸೆವೆಂಟಿ ಎಯ್ಟ್” ಎಂಬುದೊಂದೇ. ಹೆಂಡತಿಯ ಎದುರು ಅವಮಾನವಾಯಿತೆಂದು ನಾನು ಮುಖ ತಿರುಗಿಸಿದೆ.

1978ರ ಫೆಬ್ರವರಿಯ ಬಿರುಗಾಳಿಯನ್ನು ಇಲ್ಲಿನ ಹಿರಿಯರು ಇಂದಿಗೂ ಮರೆತಿಲ್ಲ. ಬಾಸ್ಟನ್ ಹೊರವಲಯದ ಹೆದ್ದಾರಿ ರೂಟ್ 128ರಲ್ಲಿ 3,000ಕ್ಕೂ ಹೆಚ್ಚು ವಾಹನಗಳು ಹೂತುಹೋಗಿ, ಚಳಿಗೆ ಎಂಜಿನ್ ಹಾಕಿಕೊಂಡು ಕುಳಿತ ಹಲವರು ಕಾರ್ಬನ್ ಮಾನಾಕ್ಸೈಡ್‌ನಿಂದ ಸತ್ತರು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಆ ಅನಿಲ, ಹೊರಹೋಗುವ ದಾರಿ ಮುಚ್ಚಿದರೆ ಕಾರಿನೊಳಗೇ ತುಂಬುತ್ತದೆ. ನನಗೆ ಇದು ಅರ್ಥವಾದದ್ದು 2013ರ ಫೆಬ್ರವರಿಯಲ್ಲಿ, ಇದೇ ಊರಿನ ಒಬ್ಬ ಬಾಲಕ ತಂದೆ ಹಿಮ ತೆಗೆಯುತ್ತಿರುವಾಗ ಕಾರಿನೊಳಗೆ ಕುಳಿತು ತೀರಿಕೊಂಡನೆಂದು ಓದಿದಾಗ. ನನ್ನ ಮಗ ಪಕ್ಕದಲ್ಲೇ ಕುಳಿತು ಲೆಕ್ಕ ಮಾಡುತ್ತಿದ್ದ. ಮರುವಾರ ಹಳೆಯ ಬೀದಿಗೆ ಹೋಗಿ ಎದುರು ಮನೆಯ ಬಾಗಿಲು ತಟ್ಟಿದೆ. ತೆರೆದವರಿಗೆ ಆ ವೃದ್ಧರು ಯಾರೆಂದೇ ತಿಳಿದಿರಲಿಲ್ಲ. ಅಲ್ಲಿದ್ದ ಮೂರು ವರ್ಷಗಳಲ್ಲಿ ನಾನು ಅವರಿಗೆ ಒಮ್ಮೆಯೂ ಕೃತಜ್ಞತೆ ಹೇಳಿರಲಿಲ್ಲ.

ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಕಾರ್ಬನ್ ಮಾನಾಕ್ಸೈಡ್ ಅಲಾರಂನ ಗುಂಡಿ ಒತ್ತಿ ನೋಡಿ. ಗ್ಯಾಸ್ ಅಥವಾ ಎಣ್ಣೆಯಿಂದ ಬಿಸಿಮಾಡುವ ಮನೆಗಳಲ್ಲಿ 2006ರಿಂದ ಅದು ಕಡ್ಡಾಯವಾಗಿದೆ. ಗೋಡೆಯಿಂದ ಹೊರಬಂದ ಹೊಗೆಕೊಳವೆ ಇದ್ದರೆ ಅದನ್ನೂ ಹಿಮದಿಂದ ಬಿಡಿಸಿ. ಮಗಳು ಕಾರಿನಲ್ಲಿ ಕೂರುತ್ತೇನೆಂದು ಎಷ್ಟೇ ಹಠ ಹಿಡಿದರೂ, ನೀವು ಹಿಮ ತೆಗೆದು ಮುಗಿಸುವವರೆಗೆ ಅವಳು ತಾಯಿಯೊಡನೆ ಮನೆಯೊಳಗೇ ಇರಲಿ.