ಬಾಗಿಲು ತೆರೆಯಬೇಡಿ, ದಿನ ಎಣಿಸಿ

ಪ್ರಿಯ ಓದುಗರೇ,

ನಿಮ್ಮ ಎಂಟು ಪುಟದ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರಿಕೆ ಅಚ್ಚಾಗಿ ನಿಮ್ಮ ಕೈಸೇರುವವರೆಗೆ ನಿಮ್ಮ ಹಾವು ಕಾಯಲಿಕ್ಕಿಲ್ಲ ಎಂಬ ಅಂಜಿಕೆಯಿಂದ, ತೀರಾ ಅಗತ್ಯವಾದ ನಾಲ್ಕು ಮಾತನ್ನು ಫೋನಿನಲ್ಲೇ ಹೇಳಿದ್ದೆ. ಉಳಿದದ್ದು ಇಲ್ಲಿದೆ.

ಮಿಕ್ಕ ಓದುಗರಿಗಾಗಿ ಪತ್ರದ ಸಾರ. ಮನೆ ಬದಲಿಸುತ್ತಿದ್ದ ಪರಿಚಿತರೊಬ್ಬರಿಂದ ಇವರು ಜನವರಿಯಲ್ಲಿ ಒಂದು ಹೆಣ್ಣು ಬೋವಾ ಹಾವನ್ನು ತಂದುಕೊಂಡರು. ಮನೆಯಲ್ಲಿ ಬೇರೆ ಹಾವಿಲ್ಲ. ಫೆಬ್ರವರಿಯ ಮೂರನೇ ವಾರ ಒಂದು ದಿನ ಅದರ ನಡುಮೈ ದೊಡ್ಡ ಇಲಿ ನುಂಗಿದ ಹಾಗೆ ಊದಿಕೊಂಡಿತ್ತು. ಇವರು ಇಲಿ ಕೊಟ್ಟೇ ಇರಲಿಲ್ಲ. ಮರುದಿನದ ಹೊತ್ತಿಗೆ ಊತ ಇಳಿಯಿತು. ಮಾರ್ಚ್ 9ಕ್ಕೆ ಪೊರೆ ಬಿಟ್ಟಿತು. ಅಲ್ಲಿಂದೀಚೆಗೆ ಊಟ ಮುಟ್ಟಿಲ್ಲ, ಮೈಬಣ್ಣ ಕಪ್ಪಿಟ್ಟಿದೆ, ದೀಪದ ಕೆಳಗೆ ಹೊಟ್ಟೆ ಅರೆಬರೆ ಮೇಲೆ ಮಾಡಿಕೊಂಡು ಮಲಗಿರುತ್ತದೆ. ಸತ್ತೇಹೋಯಿತೇನೋ ಎಂದು ಗಾಬರಿಯಿಂದ ಪಶುವೈದ್ಯರ ಬಳಿ ಒಯ್ದರೆ ಅವರು ಅಲ್ಟ್ರಾಸೌಂಡ್ ಮಾಡಿ, ನಗುತ್ತಾ, ಹಾವು ಬಸುರಿ ಎಂದು ಹೇಳಿ ಕಳಿಸಿದರು.

ಪತ್ರದ ಕೊನೆಯ ಪುಟದಲ್ಲಿ ಕೋಪ ಇದೆ. ಬಸುರಿ ಹಾವಿಗೆ ಹೆಚ್ಚು ಊಟ ಕೊಡಿ ಎಂದು ನಮ್ಮದೇ ಹಳೆಯ ಸಂಚಿಕೆಯೊಂದರಲ್ಲಿ ಓದಿ, ನೀವು ಮೂರು ಸಲ ಇಲಿಯನ್ನು ಅದರ ಮೂತಿಗೆ ಒತ್ತಿದ್ದೀರಿ. ಮೂರನೇ ಸಲ ಅದು ಬುಸುಗುಟ್ಟಿ ಮೇಲೆ ಎಗರಿದೆ. ತಪ್ಪು ನಿಮ್ಮದಲ್ಲ, ಹಾವಿನದಂತೂ ಅಲ್ಲ. ಆ ಲೇಖನವನ್ನು ಓದಿ ಅಚ್ಚಿಗೆ ಕಳಿಸಿದವನು ನಾನು. ಬರೆದವರು ಹಸುವಿನ ಲೆಕ್ಕವನ್ನು ಹಾವಿಗೆ ಹಾಕಿದ್ದರು, ನನ್ನ ಕಣ್ಣಿಗೆ ಬೀಳಲಿಲ್ಲ. ಬೋವಾದ ಮರಿ ಬೆಳೆಯುವುದು ಹೆಚ್ಚಾಗಿ ಅಂಡದ ಹಳದಿಯನ್ನು ಉಂಡು. ಆ ಹಳದಿ ತುಂಬಿಕೊಳ್ಳುವುದು ಅಂಡ ಬಿಡುಗಡೆಯಾಗುವ ಮುಂಚಿನ ತಿಂಗಳುಗಳಲ್ಲಿ, ತಾಯಿಯ ಮೈಯ ಕೊಬ್ಬಿನಿಂದ. ಅಂದರೆ ಚೆನ್ನಾಗಿ ಉಣ್ಣಿಸಬೇಕಾದ ಕಾಲ ನಿಮ್ಮ ಪರಿಚಿತರ ಮನೆಯಲ್ಲೇ ಮುಗಿದಿದೆ. ಈಗ ಒಳಗೆ ಮರಿಗಳು ಒತ್ತೊತ್ತಾಗಿ ಕೂತಿವೆ, ಇಲಿಗೆ ಜಾಗವಿಲ್ಲ. ಕೆಲವು ಹೆಣ್ಣುಗಳು ಬಸಿರಿನ ಮೊದಲರ್ಧದಲ್ಲಿ ಸಣ್ಣದೊಂದು ಇಲಿ ತಿನ್ನುವುದುಂಟು, ತಿಂದರೆ ತಿನ್ನಲಿ. ನಿಮ್ಮದು ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಇಲಿ ಒಳಗಿಡಬೇಡಿ. ನೀರು ಮಾತ್ರ ಯಾವಾಗಲೂ ತಾಜಾ ಇರಲಿ.

ಗಂಡಿಲ್ಲದೆ ಬಸಿರು ಹೇಗೆ ಎಂದು ಕೇಳಿದ್ದೀರಿ. ಹಳೆಯ ಮನೆಯಲ್ಲಿ ಗಂಡಿನ ಸಂಗ ಆಗಿರಬೇಕು, ಅಷ್ಟೇ. ಹೆಣ್ಣು ಹಾವುಗಳು ವೀರ್ಯವನ್ನು ಒಡಲಲ್ಲಿ ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳಬಲ್ಲವು. ಡೈಮಂಡ್‌ಬ್ಯಾಕ್ ಜಾತಿಯ ರ್‍ಯಾಟಲ್ ಹಾವೊಂದು ಕೊನೆಯ ಬಾರಿ ಗಂಡನ್ನು ಕಂಡ 5 ವರ್ಷಗಳ ಬಳಿಕ ಮರಿ ಹಾಕಿದ್ದು ದಾಖಲಾಗಿದೆ. ಗಂಡಿನ ನೆರವೇ ಇಲ್ಲದೆ ಮರಿ ಹಾಕಿದ ಬೋವಾವೂ ಉಂಟು. 2010ರಲ್ಲಿ ಪ್ರಕಟವಾದ ಅಧ್ಯಯನ ಅದು. ಮರಿಗಳೆಲ್ಲ ಹೆಣ್ಣು, ಎಲ್ಲಕ್ಕೂ ತಾಯಿಯ ಅಪರೂಪದ ಬಣ್ಣ. ಆದರೆ ಅಂಥ ಪವಾಡ ನಿಮ್ಮ ಮನೆಯಲ್ಲಿ ನಡೆದಿರುವ ಸಂಭವಕ್ಕಿಂತ, ಆ ಪರಿಚಿತರು ಗಂಡು ಹಾವಿನ ವಿಷಯ ಹೇಳಲು ಮರೆತಿರುವ ಸಂಭವವೇ ಹೆಚ್ಚು. ಫೋನು ಮಾಡಿ ಕೇಳಿ.

ಈಗ ದಿನದ ಲೆಕ್ಕ. ಪೊರೆ ಬಿಟ್ಟ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೀರಲ್ಲ, ಇಡೀ ಪತ್ರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಸಾಲು ಅದು. ಫೆಬ್ರವರಿಯ ಆ ಒಂದು ದಿನದ ಊತ ಅಂಡಗಳು ಬಿಡುಗಡೆಯಾದ ಹೊತ್ತು. ಅದಾದ ಎರಡು–ಮೂರು ವಾರಕ್ಕೆ ಬಿಡುವ ಪೊರೆಯೇ ನಮ್ಮ ಪಂಚಾಂಗ. ಆ ಪೊರೆಯಿಂದ ಸುಮಾರು 105 ದಿನಕ್ಕೆ ಬೋವಾ ಮರಿ ಹಾಕುತ್ತದೆ. 100ಕ್ಕೂ ಆಗಬಹುದು, 120ಕ್ಕೂ ಹೋಗಬಹುದು. ಮಾರ್ಚ್ 9ರಿಂದ ಎಣಿಸಿದರೆ 105ನೇ ದಿನ ಜೂನ್ 22. ಜೂನ್ 17ರಿಂದ ಜುಲೈ 7ರವರೆಗೆ ಊರಿಗೆ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಇಷ್ಟು ದಿನ ನಾನೇನು ಮಾಡಲಿ ಎನ್ನುತ್ತೀರಿ. ಉಳಿದೆಲ್ಲಕ್ಕಿಂತ ಹೆಚ್ಚಾಗಿ, ಶಾಖ ನೋಡಿಕೊಳ್ಳಿ.

ಮೊಟ್ಟೆಯಿಡುವ ಹಾವು ಒಳ್ಳೆಯ ಜಾಗ ಹುಡುಕಿ ಮೊಟ್ಟೆಯಿಟ್ಟರೆ ಕಾವಿನ ಹೊಣೆ ಬಹುಮಟ್ಟಿಗೆ ಆ ಜಾಗದ್ದು. ಬೋವಾ, ಕೊಳಕುಮಂಡಲದಂಥ ಮರಿಹಾಕುವ ಹಾವಿಗೆ ತನ್ನ ಒಡಲೇ ಕಾವುಗೂಡು. ಅದನ್ನು ಹೊತ್ತುಕೊಂಡೇ ಬಿಸಿಲಿಗೂ ನೆರಳಿಗೂ ಓಡಾಡುತ್ತದೆ. ಆರ್ಕ್ಟಿಕ್ ವೃತ್ತದ ಆಚೆಯ ಚಳಿಯಲ್ಲೂ ಆಡರ್ ಎಂಬ ಮಂಡಲದ ಹಾವು ಸಂಸಾರ ಮಾಡಿಕೊಂಡಿರುವುದು ಈ ಉಪಾಯದಿಂದಲೇ. ಅಲ್ಲಿನ ನೆಲದಲ್ಲಿ ಮೊಟ್ಟೆಯಿಟ್ಟರೆ ಕಾವು ಸಾಲದು. ನಿಮ್ಮ ಹಾವು ಹೊಟ್ಟೆ ಮೇಲೆ ಮಾಡಿ ಮಲಗುವುದೂ ಅದಕ್ಕೇ. ಮರಿಗಳಿರುವ ಭಾಗವನ್ನು ದೀಪಕ್ಕೆ ಒಡ್ಡುತ್ತಿದೆ. ಅದನ್ನು ಹಿಡಿದು ಸರಿಯಾಗಿ ಮಲಗಿಸಿದೆ ಎಂದು ಬರೆದಿದ್ದೀರಿ. ದಯವಿಟ್ಟು ಇನ್ನೊಮ್ಮೆ ಮಾಡಬೇಡಿ.

ಗೂಡಿನ ಒಂದು ತುದಿಯಲ್ಲಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 26–27 ಇರಲಿ. ಎರಡೂ ಬೇಕು. ಬಸುರಿಗೆ ಬಿಸಿ ಬೇಕೆಂದು ಇಡೀ ಗೂಡನ್ನು ಒಲೆ ಮಾಡಿದರೆ ಅದಕ್ಕೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ, ಮತ್ತು ಅತಿ ಶಾಖ ಮರಿಗಳನ್ನು ಒಳಗೇ ಕೊಲ್ಲುತ್ತದೆ. ಶಾಖ ಸಾಲದಿದ್ದರೆ ಹೆರಿಗೆ ಮುಂದಕ್ಕೆ ಹೋಗುತ್ತದೆ, ಬೆನ್ನು ಸೊಟ್ಟಗಿರುವ, ನಿತ್ರಾಣದ ಮರಿಗಳು ಹುಟ್ಟುತ್ತವೆ. ದೀಪಕ್ಕೂ ಹೀಟಿಂಗ್ ಪ್ಯಾಡಿಗೂ ಥರ್ಮೋಸ್ಟಾಟ್ ಇಲ್ಲವೆಂದರೆ ಇವತ್ತೇ ಹಾಕಿಸಿ. ಥರ್ಮಾಮೀಟರನ್ನು ಗೋಡೆಗೆ ಅಂಟಿಸಿದ್ದೀರಿ. ಹಾವು ಮಲಗುವುದು ನೆಲದ ಮೇಲೆ, ಅಲ್ಲಿ ಅಳೆಯಿರಿ. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನ ಪಕ್ಕಕ್ಕಿಟ್ಟು, ಮೇಲೊಂದು ಕಂಬಳಿ ಹೊದಿಸಿ, ಗಾಳಿ ಆಡುವ ಸಂದು ಬಿಡಿ.

ಈ ಪಾಠವನ್ನು ನಾನು ದುಬಾರಿಯಾಗಿಯೇ ಕಲಿತದ್ದು. ಬಹಳ ಹಿಂದೆ ನನ್ನ ಬಳಿ ಮರಳು ಬೋವಾ ಇತ್ತು, ಬಸಿರಾಗಿತ್ತು. ಪಾಪ, ರಾತ್ರಿಯಾದರೂ ಕತ್ತಲಲ್ಲಿ ನಿದ್ದೆ ಮಾಡಲಿ ಎಂದು ನಾನು ಮಲಗುವ ಮುಂಚೆ ಶಾಖದ ದೀಪ ಆರಿಸುತ್ತಿದ್ದೆ. ಬೆಳಕಿಲ್ಲದ ಹೀಟರ್ ಇಡಬಹುದಿತ್ತು, ಹೊಳೆಯಲಿಲ್ಲ. ಲೆಕ್ಕ ಹಾಕಿದ ದಿನ ದಾಟಿ ಮೂರು ವಾರವಾದ ಮೇಲೆ ಒಂಬತ್ತು ಮರಿ ಹಾಕಿತು, ನಾಲ್ಕು ಸತ್ತೇ ಹುಟ್ಟಿದವು. ಆ ದೀಪವೇ ಕಾರಣ ಎಂದು ಕೋರ್ಟಿನಲ್ಲಿ ಸಾಬೀತು ಮಾಡಲಾರೆ. ಆದರೆ ಅಂದಿನಿಂದ ನಾನು ಕರುಣೆ ಉಕ್ಕಿದಾಗಲೆಲ್ಲ ಮೊದಲು ಥರ್ಮಾಮೀಟರ್ ನೋಡುತ್ತೇನೆ.

ಶಾಖ ಹೆಚ್ಚಿಸಿದರೆ ಗಂಡು ಮರಿ, ತಗ್ಗಿಸಿದರೆ ಹೆಣ್ಣು ಎಂದು ಯಾರೋ ಹೇಳಿದರಂತೆ. ಮೊಸಳೆಗಳಲ್ಲಿ, ಬಹಳಷ್ಟು ಆಮೆಗಳಲ್ಲಿ ಮೊಟ್ಟೆಯ ಕಾವು ಲಿಂಗವನ್ನು ನಿರ್ಧರಿಸುವುದು ನಿಜ. ಹಾವಿನಲ್ಲಿ ಅದು ವರ್ಣತಂತುಗಳ ಕೆಲಸ. ಥರ್ಮೋಸ್ಟಾಟ್ ತಿರುಗಿಸಿ ಪ್ರಯೋಗ ಮಾಡಲು ಹೋಗಬೇಡಿ.

ಮಗಳು ದಿನಕ್ಕೊಮ್ಮೆ ಅದನ್ನು ಎತ್ತಿಕೊಳ್ಳುತ್ತಾಳೆ ಎಂದಿದ್ದೀರಿ. ಮರಿ ಹಾಕುವವರೆಗೆ ಬೇಡ. ಹಾವನ್ನು ನಡುವಿನಿಂದ ಎತ್ತಿದರೆ ಭಾರವೆಲ್ಲ ಬೀಳುವುದು ಮರಿಗಳಿರುವ ಜಾಗದ ಮೇಲೆಯೇ. ಅವಳಿಗೆ ಬೇರೆ ಕೆಲಸ ಕೊಡಿ. ಒಂದು ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಸಂಜೆ ಎರಡೂ ತುದಿಯ ಡಿಗ್ರಿ, ಹಾವು ಎಲ್ಲಿ ಮಲಗಿತ್ತು, ನೀರು ಕುಡಿಯಿತೇ, ಇಷ್ಟು ಬರೆಯಲಿ. ಗಾಜಿನಾಚೆಯಿಂದ. ಉಣ್ಣೆಹುಳಕ್ಕೆ ಹೊಡೆಯುವ ಔಷಧ, ಜಂತುಹುಳದ ಮಾತ್ರೆ, ವಿಟಮಿನ್ ಹನಿ, ಇವು ಯಾವುದನ್ನೂ ಪಶುವೈದ್ಯರನ್ನು ಕೇಳದೆ ಕೊಡಬೇಡಿ.

ಜೂನ್ ಎರಡನೇ ವಾರಕ್ಕೆ ಗೂಡನ್ನು ಅಣಿಮಾಡಿ. ದೊಡ್ಡ ನೀರಿನ ತೊಟ್ಟಿ ತೆಗೆದು ಅಗಲವಾದ, ಭಾರವಾದ, ಬೆರಳಿನ ಗೆಣ್ಣಿನಷ್ಟೂ ಆಳವಿಲ್ಲದ ತಟ್ಟೆ ಇಡಿ. ಆಳದ ನೀರಿನಲ್ಲಿ ಹೆತ್ತರೆ ಪೊರೆಚೀಲದಲ್ಲಿರುವ ಮರಿ ಮುಳುಗುತ್ತದೆ. ತೊಗಟೆ ಚೂರನ್ನು ತೆಗೆದು ಬಿಳಿ ಪೇಪರ್ ಟವೆಲ್ ಹಾಸಿ. ಆಮೇಲೆ ಒಂದು ಪೆನ್ಸಿಲ್ ತೆಗೆದುಕೊಂಡು ಗೂಡಿನ ಸಂದುಗೊಂದುಗಳಿಗೆ ತೂರಿಸಿ ನೋಡಿ. ಅದು ಹೋಗುವ ಕಡೆ ಮುಚ್ಚಿ. ಹುಟ್ಟಿದ ಮರಿ 40–50 ಸೆಂಟಿಮೀಟರ್ ಉದ್ದವಿದ್ದರೂ ಮೈ ತೆಳ್ಳಗೆ, ಮತ್ತು ಹುಟ್ಟಿದ ಗಳಿಗೆಯಿಂದಲೇ ಅದಕ್ಕೆ ಜಗತ್ತು ನೋಡುವ ಅವಸರ. ಸರೀಸೃಪ ನೋಡುವ ಪಶುವೈದ್ಯರ ರಾತ್ರಿ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ.

ದಿನ ಹತ್ತಿರವಾದಾಗ ದೀಪದ ಕೆಳಗಿಂದ ಎದ್ದು ಗೂಡಿನ ತುಂಬ ಓಡಾಡಲು ಶುರುಮಾಡುತ್ತದೆ, ಬಾಲ ಎತ್ತುತ್ತದೆ, ಬಾಲದ ಬುಡ ಊದಿಕೊಳ್ಳುತ್ತದೆ. ಹೆರಿಗೆ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ. ಕೋಣೆಯ ದೀಪ ಆರಿಸಿ ದೂರ ಕೂತುಕೊಳ್ಳಿ. ಒಂದೊಂದು ಮರಿಯೂ ತೆಳು ಪಾರದರ್ಶಕ ಚೀಲದಲ್ಲಿ ಸುರುಳಿಯಾಗಿ ಹೊರಬರುತ್ತದೆ. ಮೂತಿಯಿಂದ ತಿವಿದು ತಾನೇ ಹರಿದುಕೊಳ್ಳುತ್ತದೆ. ನೀವು ಕತ್ತರಿ ಹಿಡಿದು ಕಾಯುವುದು ಬೇಡ. ಉಳಿದವೆಲ್ಲ ಹೊರಬಂದು ಒಂದು ಮಾತ್ರ ಒಳಗೇ ಮಿಸುಕುತ್ತಿದ್ದರೆ, ಒದ್ದೆ ಬೆರಳಿನಿಂದ ಮೂತಿಯ ಬಳಿ ಚೀಲವನ್ನು ಸೀಳಿ, ಅಷ್ಟೇ. ಹೊಟ್ಟೆಗೆ ಅಂಟಿಕೊಂಡ ಹಳದಿಯನ್ನೂ ಹೊಕ್ಕುಳ ಬಳ್ಳಿಯನ್ನೂ ಎಳೆಯಬಾರದು. ಎಳೆದರೆ ರಕ್ತ ಹರಿದು ಸಾಯುತ್ತದೆ. ಅಂಥ ಮರಿಯನ್ನು ಒದ್ದೆ ಪೇಪರ್ ಹಾಸಿದ ಡಬ್ಬಿಯಲ್ಲಿ ಬೆಚ್ಚಗೆ ಇಡಿ, ಹಳದಿ ಒಳಸೇರುತ್ತದೆ, ಇಲ್ಲವೇ ಒಣಗಿ ಉದುರುತ್ತದೆ.

ಮರಿಗಳ ಜೊತೆ ಹಳದಿ ಮುದ್ದೆಗಳೂ ಬೀಳಬಹುದು. ಫಲಿಸದ ಅಂಡಗಳು ಅವು. ಕೆಲವು ಸತ್ತ ಮರಿಗಳೂ ಇರಬಹುದು. ತಾಯಿ ಅವುಗಳಲ್ಲಿ ಒಂದೆರಡನ್ನು ನುಂಗಿದರೆ ಮಗಳ ಮುಂದೆ ಅದನ್ನು ರಾಕ್ಷಸಿ ಮಾಡಬೇಡಿ. ತಿಂಗಳುಗಟ್ಟಲೆ ಉಪವಾಸವಿದ್ದ ಜೀವ ತನ್ನದೇ ಸೊತ್ತನ್ನು ವಾಪಸು ಪಡೆಯುತ್ತಿದೆ. ಬದುಕಿರುವ ಮರಿಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಮುದ್ದಿಸುವುದೂ ಇಲ್ಲ. ಮರಿಗಳಿಗೆ ತಾಯಿಯ ಅಗತ್ಯವೂ ಇಲ್ಲ.

ಕಾಯಬಾರದ ಸಂದರ್ಭಗಳಿವೆ. ಗಂಟೆಗಟ್ಟಲೆ ಮುಕ್ಕರಿದರೂ ಏನೂ ಹೊರಬರದಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡರೆ, ಕೆಂಪು ಮಾಂಸ ಹೊರಗೆ ಇಳಿಬಿದ್ದರೆ, ಹೆತ್ತು ಮುಗಿಸಿದ ಮೇಲೂ ಹಿಂಭಾಗದಲ್ಲಿ ಗಟ್ಟಿ ಗಂಟುಗಳು ಕಂಡರೆ, ಕೆಟ್ಟ ವಾಸನೆಯ ದ್ರವ ಸೋರಿದರೆ, ಆ ರಾತ್ರಿಯೇ ಹೊರಡಿ. 120ನೇ ದಿನ ಕಳೆದರೂ ಸುದ್ದಿಯಿಲ್ಲದಿದ್ದರೆ ಮತ್ತೊಂದು ಅಲ್ಟ್ರಾಸೌಂಡ್ ಆಗಲಿ. ಹೊಟ್ಟೆ ನೀವಿ ಮರಿಯನ್ನು ದೂಡಲು ಮಾತ್ರ ಹೋಗಬೇಡಿ, ಒಳಗೆ ಹರಿದುಹೋಗುತ್ತದೆ.

ಎಲ್ಲ ಮುಗಿದ ಮೇಲೆ ತಾಯಿಯನ್ನು ಬೇರೆ ಕಡೆ ಇಟ್ಟು, ಮೈಗೆ ಹತ್ತಿದ ರಕ್ತ ಲೋಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಗೂಡನ್ನೂ ತೊಳೆಯಿರಿ. ಚರ್ಮ ಜೋತುಬಿದ್ದು ಬೆನ್ನೆಲುಬು ಎದ್ದು ಕಾಣುತ್ತದೆ, ಹೆದರಬೇಡಿ. ಒಂದು ವಾರ ಬಿಟ್ಟು, ಮೊದಲು ಕೊಡುತ್ತಿದ್ದುದರ ಅರ್ಧ ಗಾತ್ರದ ಇಲಿ. ಸ್ವಲ್ಪ ಸ್ವಲ್ಪವಾಗಿ ಮೈ ಹಿಡಿಯಲಿ. ಮುಂದಿನ ವರ್ಷ ಗಂಡಿನ ಜೊತೆ ಬಿಡುವ ಮಾತೇ ಬೇಡ.

ಇನ್ನು ನೀವು ಕೇಳದೇ ಬಿಟ್ಟ ಪ್ರಶ್ನೆ. ಮರಿಗಳು ಎಷ್ಟು? ಹತ್ತಾಗಬಹುದು, ಐವತ್ತೂ ಆಗಬಹುದು; ಇಪ್ಪತ್ತೈದು ಎಂದಿಟ್ಟುಕೊಳ್ಳಿ. ಒಂದೊಂದೂ ಇಪ್ಪತ್ತು ಮೂವತ್ತು ವರ್ಷ ಬಾಳುವ ಜೀವ. ಫಿಲಡೆಲ್ಫಿಯಾ ಮೃಗಾಲಯದಲ್ಲಿ 1977ರಲ್ಲಿ ಸತ್ತ ಬೋವಾಕ್ಕೆ 40 ದಾಟಿತ್ತು. ಅವಕ್ಕೆ ಮನೆ ಹುಡುಕುವ ಕೆಲಸ ಹುಟ್ಟಿದ ಮೇಲೆ ಶುರುಮಾಡಿದರೆ ನಿಮ್ಮ ಹಾಲ್ ತುಂಬ ಡಬ್ಬಿಗಳೇ ಆಗುತ್ತವೆ. ಈಗಲೇ ಹುಡುಕಿ. ಹೆಚ್ಚಾದವನ್ನು ತೋಪಿಗೆ ಬಿಟ್ಟರಾಯಿತು ಎಂಬ ಸಲಹೆ ಯಾರಾದರೂ ಕೊಟ್ಟರೆ ಅರುಬಾ ದ್ವೀಪದ ಕಥೆ ಹೇಳಿ. ಅಲ್ಲಿ ಹೊರಗಿನಿಂದ ಬಂದ ಬೋವಾಗಳು ಬೇರೂರಿ ಅಲ್ಲಿನ ಹಕ್ಕಿ, ಹಲ್ಲಿಗಳನ್ನು ತಿನ್ನುತ್ತಿವೆ, ಹಿಡಿದಷ್ಟೂ ಮುಗಿಯುತ್ತಿಲ್ಲ.

ಮರಿಗಳಿಗೆ ತಲಾ ಒಂದು ಡಬ್ಬಿ, ಅಡಗಲು ಒಂದು ಮರೆ, ಪುಟ್ಟ ನೀರಿನ ಬಟ್ಟಲು. ಒಂದೆರಡು ವಾರಕ್ಕೆ ಮೊದಲ ಪೊರೆ ಬಿಡುತ್ತವೆ. ಅಲ್ಲಿಯವರೆಗೆ ಒಳಗುಳಿದ ಹಳದಿಯೇ ಊಟ. ಆಮೇಲೆ ಅವುಗಳ ಮೈಯ ಅತಿ ದಪ್ಪ ಭಾಗಕ್ಕಿಂತ ದಪ್ಪವಲ್ಲದ ಇಲಿಮರಿ ಕೊಡಿ. ಮೊದಲ ಸಲ ಅರ್ಧಕ್ಕರ್ಧ ಮರಿಗಳು ಮುಖ ತಿರುಗಿಸಿದರೂ ಒಂದು ವಾರ ಬಿಟ್ಟು ಮತ್ತೆ ಇಟ್ಟುನೋಡಿ.

ಪತ್ರದ ಅಂಚಿನಲ್ಲಿ ಪೆನ್ಸಿಲ್ ಅಕ್ಷರದಲ್ಲಿ ಮಗಳು ಬೇರೆಯಾಗಿ ಒಂದು ಪ್ರಶ್ನೆ ಬರೆದಿದ್ದಾಳೆ: ಮರಿಗಳಿಗೆ ಹೆಸರು ಯಾವಾಗ ಇಡಬಹುದು? ಪುಟ್ಟಿ, ಮೊದಲು ಡಬ್ಬಿಗಳ ಮೇಲೆ ನಂಬರ್ ಬರೆ. ಯಾವ ನಂಬರ್ ಯಾವತ್ತು ಪೊರೆ ಬಿಟ್ಟಿತು, ಯಾವತ್ತು ಉಂಡಿತು ಎಂದು ನಿನ್ನ ನೋಟ್‌ಬುಕ್ಕಿನಲ್ಲೇ ಮುಂದುವರಿಸು. ಮೂರು ಸಲ ಉಂಡ ಮರಿಗೆ ಹೆಸರಿಡು. ಪಟ್ಟಿ ನನಗೂ ಕಳಿಸು.

— ಸಂಪಾದಕ