ನಿನ್ನ ಧರ್ಮದ ಮದುವೆ ಯಾವುದು ಎಂದು ಕೇಳಿದ ಪ್ರಾಜೆಕ್ಟ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಡಿಕೇರಿ ಕಡೆಯ ಪದವಿ ವಿದ್ಯಾರ್ಥಿನಿ. ಊಟ ಸೇರುತ್ತಿಲ್ಲ, ನಿದ್ದೆಯಿಲ್ಲ, ಕಾಲೇಜಿಗೆ ಹೋಗಲು ಮನಸ್ಸಿಲ್ಲ. ಯಾರನ್ನಾದರೂ ಪ್ರೀತಿಸುತ್ತಿರಬಹುದು ಎಂಬ ಅನುಮಾನದಿಂದಲೇ ತಾಯಿ ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತಂದಿದ್ದರು. ಹುಡುಗಿ ಬ್ಯಾಗಿನಿಂದ ತೆಗೆದದ್ದು ಪ್ರಾಜೆಕ್ಟಿನ ಹಾಳೆ: “ನಿಮ್ಮ ಧರ್ಮದ ವಿವಾಹ ಪದ್ಧತಿಯನ್ನು ಇತರ ಎರಡು ಧರ್ಮಗಳೊಂದಿಗೆ ಹೋಲಿಸಿ. ಮನೆಯ ಮದುವೆಯ ವಿವರ, ಫೋಟೊ ಕಡ್ಡಾಯ.”

ತಂದೆ ಕೊಡವರು, ತಾಯಿ ಮಂಗಳೂರು ಕಡೆಯ ಕ್ಯಾಥೋಲಿಕ್. ನೋಂದಣಿ ಕಚೇರಿಯಲ್ಲಿ ಆದ ಮದುವೆ. “ಯಾವುದನ್ನು ನನ್ನದು ಅಂತ ಬರೆದರೂ ಇನ್ನೊಬ್ಬರನ್ನು ಬಿಟ್ಟ ಹಾಗೆ ಮೇಡಂ” ಎಂದಳು. ಕೊಡವ ಮದುವೆಯಲ್ಲಿ ವಧು ನೀರು ತರುವ ಗಂಗಾಪೂಜೆಯ ಬಗ್ಗೆ ಬರಿ ಎಂದು ಅಪ್ಪ ಸಲೀಸಾಗಿ ಹೇಳಿದ್ದರು. ಅಮ್ಮ ಏನೂ ಹೇಳಿರಲಿಲ್ಲ, ಮಗಳನ್ನು ಕಾಡಿದ್ದು ಅದೇ.

ಪ್ರಾಜೆಕ್ಟಿನ ಆ ವಾಕ್ಯ ಧರ್ಮವನ್ನೂ ಮನೆಯನ್ನೂ ಒಂದೇ ಎಂದುಕೊಂಡಿದೆ. ಕೊಡಗಿನಲ್ಲಿ ಒಂದೇ ಧರ್ಮದ ತಂದೆತಾಯಿಯ ಮಕ್ಕಳೂ ಇಲ್ಲಿ ಎಡವುತ್ತಾರೆ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಸಪ್ತಪದಿಯಿಲ್ಲ. ಹಿರಿಯರು ಅಕ್ಕಿ ಹಾಕಿ, ಹಾಲು ಕೊಟ್ಟು ಹರಸುತ್ತಾರೆ. ಪಕ್ಕದ ಬ್ರಾಹ್ಮಣರ ಮನೆಯಲ್ಲಿ ಸಪ್ತಪದಿಯಿಲ್ಲದೆ ಮದುವೆಯೇ ಇಲ್ಲ. ಕಾಗದದಲ್ಲಿ ಎರಡೂ ‘ಹಿಂದೂ’. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಕೂಡ ವಧು ಅಥವಾ ವರನ ಕಡೆಯ ರೂಢಿಯನ್ನೇ ಒಪ್ಪುತ್ತದೆ.

ಅವಳಿಗೆ ಹೇಳಿದ್ದು: ಉಪನ್ಯಾಸಕರಿಗೆ ನಾಲ್ಕು ಸಾಲು ಬರೆದು ಕೇಳು. ‘ನಿಮ್ಮ’ ಎಂದರೆ ನಾನು ಹುಟ್ಟಿದ ಧರ್ಮವೋ, ನಾನು ಕಂಡ ಪದ್ಧತಿಯೋ? ನೆಂಟರ ಮದುವೆ ಆಗಬಹುದೇ? ಫೋಟೊ ಇಲ್ಲದಿದ್ದರೆ ಅಂಕ ಹೋಗುತ್ತದೆಯೇ? ಅಪ್ಪ ಅಮ್ಮನ ಮದುವೆಯ ಕಥೆಯನ್ನು ಅಲ್ಲಿ ಹೇಳಬೇಕಾಗಿಲ್ಲ. ಅದು ನಿಮ್ಮ ಮನೆಯದು.

ಮಗಳಿಲ್ಲದೆ ತಂದೆತಾಯಿ ಇಬ್ಬರನ್ನೇ ಕೂರಿಸಿಕೊಂಡೆ. ಮದುವೆಯ ಹಿಂದಿನ ದಿನ ತನಗೆ ತೆಂಗಿನಹಾಲು ಹಚ್ಚುವ ‘ರೋಸ್’ ಶಾಸ್ತ್ರ ಆಗಲಿಲ್ಲ ಎಂಬ ನೋವು ತಾಯಿಯಲ್ಲಿ ಇನ್ನೂ ಇತ್ತು. ಗಂಡನ ಮುಂದೆ ಅವರು ಅದನ್ನು ಹೇಳಿದ್ದು ಅಂದೇ ಮೊದಲು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. “ಯಾರ ಕಡೆ ಬರೆದೆ?” ಎಂದು ಮಗಳನ್ನು ಕೇಳಬೇಡಿ, ಇಬ್ಬರೂ ಒಟ್ಟಿಗೆ ಕೂತು ನಿಮ್ಮ ಮದುವೆ ಹೇಗಾಯಿತೆಂದು ಅವಳಿಗೆ ಹೇಳಿ ಎಂದೆ.

ಯಾವ ಮದುವೆಯಾದರೂ ಸರಿ, ಫೋಟೊ ಬೇಡ ಎಂದು ಉಪನ್ಯಾಸಕರು ಉತ್ತರಿಸಿದರು. ಅವಳು ಕೊಡವ ಮತ್ತು ಕ್ಯಾಥೋಲಿಕ್ ಮದುವೆಗಳ ಜೊತೆ ನಿಕಾಹ್ ಸೇರಿಸಿಕೊಂಡಳು. ಮನೆಯವರನ್ನು ಕೇಳಿ, ತಾನಾಗಿಯೇ, ಅಪ್ಪ ಅಮ್ಮ ಆದಂಥ, 1954ರ ವಿಶೇಷ ವಿವಾಹ ಕಾಯ್ದೆಯ ಮದುವೆಯನ್ನೂ ಬರೆದಳು: 30 ದಿನಗಳ ನೋಟಿಸು, ಮೂವರು ಸಾಕ್ಷಿಗಳು, ಇಬ್ಬರ ಸಹಿ.

ಉಪನ್ಯಾಸಕರಲ್ಲಿ ನನ್ನ ಕೋರಿಕೆ: “ನೀವು ನೋಡಿದ ಅಥವಾ ಓದಿ ತಿಳಿದ ಮೂರು ವಿವಾಹ ಪದ್ಧತಿಗಳನ್ನು ಹೋಲಿಸಿ” ಎಂದು ಕೇಳಿ. ಮಕ್ಕಳ ಅಂಕ ಅವರ ತಂದೆತಾಯಿಯ ಮದುವೆಯ ಮೇಲೆ ನಿಲ್ಲಬಾರದು.

ಎರಡು ವಾರ ಬಿಟ್ಟು ಬರಲು ಹೇಳಿದ್ದೇನೆ. ಅಷ್ಟರಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು.