ಮೊದಲ ಮ್ಯಾಚ್ 4-0, ಕೊನೆಗೆ 19ನೇ ಸ್ಥಾನ

ಮೊದಲ ಮ್ಯಾಚನ್ನೇ ಭರ್ಜರಿಯಾಗಿ ಗೆದ್ದು, ಅದೇ ಸೀಸನ್ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್‌ನಿಂದ ಹೊರಬಿದ್ದ ತಂಡ ಇದೆಯಾ ಅಂತ ಕೇಳಿದ್ದೀರಲ್ವಾ? ಇದೆ, ಬ್ಲ್ಯಾಕ್‌ಪೂಲ್. 2010ರ ಆಗಸ್ಟ್ 14ರಂದು ವಿಗನ್ ತಂಡವನ್ನು ಅವರದೇ ಮೈದಾನದಲ್ಲಿ 4-0ಯಿಂದ ಸೋಲಿಸಿದ್ದರು. ತಮಾಷೆ ಅಂದ್ರೆ ಆ ಪಂದ್ಯ ನಡೆಯಬೇಕಿದ್ದಿದ್ದು ಬ್ಲ್ಯಾಕ್‌ಪೂಲ್‌ನಲ್ಲೇ. ಹೊಸ ಸ್ಟ್ಯಾಂಡ್ ಕಟ್ಟಿ ಮುಗಿದಿರಲಿಲ್ಲ, ಹಾಗಾಗಿ ವಿಗನ್‌ಗೆ ಹೋಯಿತು. ಆ ಸಂಜೆ ಚೆಲ್ಸಿ ಆರು ಗೋಲು ಹೊಡೆಯುವವರೆಗೆ ಅಂಕಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ಇವರೇ! ಮುಂದಿನ ವಾರ ಆರ್ಸೆನಲ್ 6-0 ಹಾಕಿ ಕೆಳಗಿಳಿಸಿತು.

ಸುಮ್ನೆ ಅದೃಷ್ಟದ ತಂಡ ಅಂತ ತಳ್ಳಿಹಾಕಬೇಡಿ. ಲಿವರ್‌ಪೂಲನ್ನು ಆ ವರ್ಷ ಎರಡು ಸಲ ಸೋಲಿಸಿದ್ದಾರೆ. ಕೋಚ್ ಇಯಾನ್ ಹಾಲೋವೇ ಗೋಡೆ ಕಟ್ಟಿ ಆಡಿಸುವವರಲ್ಲ, ಎಲ್ಲರನ್ನೂ ಮುಂದಕ್ಕೆ ನುಗ್ಗಿಸುವವರು. 55 ಗೋಲು ಹೊಡೆದರು, 78 ಬಿಟ್ಟುಕೊಟ್ಟರು. ತೊಂದರೆ ಆಗಿದ್ದೇ ಅಲ್ಲಿ, ನನ್ನ ಪ್ರಕಾರ.

ಸೀಸನ್ನಿನ ಕೊನೆಯ ದಿನ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ 2-1 ಮುಂದಿದ್ದರು. ಉಳಿದೇಬಿಟ್ಟರು ಅನ್ನುವಷ್ಟರಲ್ಲಿ ಯುನೈಟೆಡ್‌ನ ಆಂಡರ್ಸನ್ ಸಮ ಮಾಡಿದ, ಆಮೇಲೆ ಬ್ಲ್ಯಾಕ್‌ಪೂಲ್‌ನ ಇಯಾನ್ ಎವಟ್ ಕಾಲಿಗೆ ತಾಗಿ ಚೆಂಡು ಸ್ವಂತ ಗೋಲಿಗೇ ಹೋಯಿತು. ಕೊನೆಗೆ 4-2 ಸೋಲು. 39 ಪಾಯಿಂಟ್ ಇದ್ದೂ 20 ತಂಡಗಳಲ್ಲಿ 19ನೇ ಸ್ಥಾನ, ಕೊನೆಯ ಮೂರು ತಂಡ ಹೊರಬೀಳುತ್ತವೆ.

ಹೊರಬೀಳದಿದ್ದರೂ ಹೀಗೆ ಭರ್ಜರಿಯಾಗಿ ಶುರು ಮಾಡಿ ಎಡವಿದ ದೊಡ್ಡ ತಂಡ ಬೇಕಾ? 2021ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಲೀಡ್ಸ್‌ಗೆ 5-1 ಹಾಕಿ ಶುರು ಮಾಡಿತ್ತು. ನವೆಂಬರ್‌ನಲ್ಲೇ ಕೋಚ್ ಸೋಲ್ಶಾರ್ ಕೆಲಸ ಹೋಯಿತು. ಮುಗಿಸಿದ್ದು ಆರನೇ ಸ್ಥಾನದಲ್ಲಿ.